ಮರೆತ ಮಣಿ, ಮರೆತ ಮಾತ್ರೆ

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1930ರಲ್ಲಿ ಮೈಸೂರು ಸಂಸ್ಥಾನ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಸರ್ಕಾರವೊಂದು ಈ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು ಎನ್ನುವುದುಂಟು. ಆದರೆ ನುಂಗುವ ಮಾತ್ರೆ ಬರಲು ಇನ್ನೂ ಮೂವತ್ತು ವರ್ಷ ಕಾಯಬೇಕಿತ್ತು.

ಈ ನಡುವೆ ಇದೇ ನಾಡಿನಲ್ಲಿ ಒಂದು ವಿಶಿಷ್ಟ ಪ್ರಯೋಗ ನಡೆಯಿತು. ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ ಕೌರ್ ಗಾಂಧೀಜಿಯ ಅನುಯಾಯಿ. ದಿನ ಲೆಕ್ಕ ಹಾಕಿ ಸಂಯಮದಿಂದಿರುವ ವಿಧಾನವೊಂದೇ ಅವರಿಗೆ ಒಪ್ಪಿಗೆಯಾಗಿತ್ತು. ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಬಂದರು. 1952ರ ಸುಮಾರಿಗೆ ದೆಹಲಿಯ ಲೋದಿ ಕಾಲೊನಿಯಲ್ಲೂ ಬೆಂಗಳೂರು–ಮೈಸೂರು ರಸ್ತೆಯ ರಾಮನಗರದಲ್ಲೂ ಪ್ರಯೋಗ ಆರಂಭವಾಯಿತು. ಕ್ಯಾಲೆಂಡರ್ ಓದಲು ಬಾರದ ಹೆಂಗಸರಿಗೆ ಬಣ್ಣದ ಮಣಿಸರ ಕೊಡಲಾಯಿತು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಬಂದರೆ ಭಯವಿಲ್ಲ, ಕೆಂಪು ಬಂದರೆ ದೂರವಿರಬೇಕು.

ಲೆಕ್ಕ ಸುಲಭ, ಬದುಕು ಹಾಗಲ್ಲ. ಕೆಲವರು ಮಣಿ ಸರಿಸಲು ಮರೆತರು. ಕೆಲವರು ಸರ ತಾಯಿತದಂತೆ ಕಾಯುತ್ತದೆಂದು ನಂಬಿದರು. ಒಂದು ಮಣಿ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪು. ತಪ್ಪನ್ನು ಸರಿಪಡಿಸಿಕೊಳ್ಳುವ ದಾರಿ ಆ ಸರದಲ್ಲಿರಲಿಲ್ಲ. ಪ್ರಯೋಗ ಫಲಿಸಲಿಲ್ಲ.

1960ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕ ಮಾತ್ರೆಗೆ ಮಂಜೂರಾತಿ ದೊರೆಯಿತು. ಇದೂ ದಿನದ ಲೆಕ್ಕವೇ. ಸರ್ಕಾರ ಉಚಿತವಾಗಿ ಕೊಡುವ ಮಾಲಾ-ಎನ್ ಪ್ಯಾಕೆಟ್‌ನಲ್ಲಿ 21 ಹಾರ್ಮೋನ್ ಮಾತ್ರೆ, 7 ಕಬ್ಬಿಣಾಂಶದ ಮಾತ್ರೆ. ಹಾರ್ಮೋನ್ ಅಂಡಾಶಯದಿಂದ ಅಂಡ ಬಿಡುಗಡೆಯಾಗದಂತೆ ತಡೆಯುತ್ತದೆ. ಮರೆವಿಗೆ ಇಲ್ಲಿ ಪರಿಹಾರವಿರುವುದೇ ಮಣಿಸರಕ್ಕೂ ಇದಕ್ಕೂ ಇರುವ ವ್ಯತ್ಯಾಸ.

ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಬೇಕು. ಅಂದೇ ಎರಡು ನುಂಗಬೇಕಾಗಿ ಬಂದರೂ ಚಿಂತೆಯಿಲ್ಲ. ಎರಡು ಅಥವಾ ಹೆಚ್ಚು ಮರೆತಿದ್ದರೆ ಒಂದನ್ನು ತಕ್ಷಣ ನುಂಗಿ, ತಪ್ಪಿದ ಉಳಿದವನ್ನು ಬಿಟ್ಟು, ಎಂದಿನಂತೆ ಮುಂದುವರಿಸಬೇಕು. ಸತತ 7 ದಿನ ಮಾತ್ರೆ ನುಂಗುವವರೆಗೆ ನಿರೋಧ್ ಬಳಸಬೇಕು. ಅಂಡಾಶಯವನ್ನು ಮತ್ತೆ ತಡೆಹಿಡಿಯಲು ಅಷ್ಟು ದಿನ ಬೇಕು. ತಪ್ಪಿದ್ದು ಮೊದಲ ವಾರದಲ್ಲಾಗಿ, ರಕ್ಷಣೆಯಿಲ್ಲದೆ ಕೂಡಿದ್ದರೆ, 72 ಗಂಟೆಯೊಳಗೆ, ಎಷ್ಟು ಬೇಗನೆ ಆದರೆ ಅಷ್ಟು ಒಳ್ಳೆಯದು, ತುರ್ತು ಮಾತ್ರೆಗೆ ಆರೋಗ್ಯ ಕೇಂದ್ರವನ್ನು ಕೇಳಬೇಕು. ಮೂರನೆಯ ವಾರದಲ್ಲಿ ತಪ್ಪಿದ್ದರೆ ಉಳಿದ ಹಾರ್ಮೋನ್ ಮಾತ್ರೆ ಮುಗಿಸಿ, ಕಬ್ಬಿಣದ ಮಾತ್ರೆ ಬಿಟ್ಟು, ಮರುದಿನವೇ ಹೊಸ ಪ್ಯಾಕೆಟ್ ತೆರೆಯಬೇಕು. ಕಬ್ಬಿಣದ ಮಾತ್ರೆ ಮರೆತರೆ ಗರ್ಭದ ಭಯವಿಲ್ಲ.

ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ, ಈಗ ‘ಛಾಯಾ’ ಹೆಸರಿನಲ್ಲಿ ಸಿಗುವ ಮಾತ್ರೆಯಲ್ಲಿ ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. 7 ದಿನದೊಳಗೆ ನೆನಪಾದರೆ ನುಂಗಿ, ಮುಂದಿನ ಮುಟ್ಟಿನವರೆಗೆ ನಿರೋಧ್ ಬಳಸಬೇಕು. 7 ದಿನ ಮೀರಿದರೆ ಮೊದಲಿನಿಂದ ಆರಂಭಿಸಬೇಕು.

ಕಬಿನಿ ಅಣೆಕಟ್ಟಿನ ಬೀಚನಹಳ್ಳಿಯಂಥ ಊರುಗಳಲ್ಲಿ ಈಗ ಆಶಾ ಕಾರ್ಯಕರ್ತೆಯರೇ ಮನೆಬಾಗಿಲಿಗೆ ಮಾತ್ರೆ ತಲುಪಿಸುತ್ತಾರೆ. ನಾಟಿ, ಕೊಯ್ಲು, ಮಕ್ಕಳ ಜ್ವರದ ನಡುವೆ ಒಂದು ದಿನ ಮರೆಯುವುದು ಯಾರಿಗಾದರೂ ಸಹಜ. ಮರೆಯಬೇಡಿ ಎನ್ನುವುದಷ್ಟೇ ಸಾಲದು. ಮರೆತರೆ ಏನು ಮಾಡಬೇಕೆಂಬುದನ್ನು ಪ್ಯಾಕೆಟ್ ಕೊಡುವಾಗಲೇ ಹೇಳಬೇಕು. ರಾಮನಗರದ ಮಣಿಸರ ಕಲಿಸಿದ ಪಾಠ ಇದೇ.