ರತ್ನಗಂಬಳಿಯ ಬೆನ್ನಲ್ಲಿ ಬೆಂಗಳೂರಿನ ಇತಿಹಾಸ

ಹಿರಿಯರು ಬಿಟ್ಟುಹೋದ ಹಳೆಯ ರತ್ನಗಂಬಳಿಯನ್ನು ನಾವು ಸಾಮಾನ್ಯವಾಗಿ ‘ಇರಾನಿ’ ಎಂದೇ ಕರೆಯುತ್ತೇವೆ. ಆದರೆ ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಮನೆಗಳಲ್ಲಿರುವ ಇಂತಹ ಕಂಬಳಿ ಇರಾನಿನಿಂದಲೇ ಬಂದಿರಬೇಕೆಂದಿಲ್ಲ. ಅದು ಇದೇ ಊರಿನ ಜೈಲಿನಲ್ಲಿ ತಯಾರಾಗಿರಲೂಬಹುದು.

1908ರ ಇಂಪೀರಿಯಲ್ ಗೆಜೆಟಿಯರ್ ಬೆಂಗಳೂರಿನ ಎರಡು ಬಗೆಯ ಕಂಬಳಿಗಳನ್ನು ಹೆಸರಿಸುತ್ತದೆ. ಒಂದು, ಎರಡೂ ಬದಿಯಲ್ಲಿ ಒಂದೇ ಚಿತ್ತಾರವಿರುವ, ಬಹುಕಾಲ ಬಾಳುವ ಊರಿನ ಕಂಬಳಿ. ಇನ್ನೊಂದು, ಸೆಂಟ್ರಲ್ ಜೈಲಿನಲ್ಲಿ ಪರ್ಷಿಯನ್ ಮತ್ತು ತುರ್ಕಿ ಮಾದರಿ ನೋಡಿ ತಯಾರಿಸುತ್ತಿದ್ದ ದಪ್ಪ ಎಳೆಯ ಕಂಬಳಿ. ಈ ಎರಡನೆಯದು ಬಹುಶಃ ಇಡೀ ಭಾರತದಲ್ಲೇ ಶ್ರೇಷ್ಠ ಎಂದು ಅದು ಹೊಗಳುತ್ತದೆ. ಆ ಜೈಲಿದ್ದ ಜಾಗವೇ ಇಂದಿನ ಫ್ರೀಡಂ ಪಾರ್ಕ್. ಚಿತ್ತಾರ ಪರ್ಷಿಯಾದ್ದು, ಕೈ ಬೆಂಗಳೂರಿನ ಕೈದಿಯದು!

ಹಾಗಾದರೆ ಬೆಲೆ ಕಟ್ಟುವುದು ಹೇಗೆ? ಮೊದಲು ಕಂಬಳಿಯನ್ನು ಮಗುಚಿ ಬೆನ್ನು ನೋಡಬೇಕು. ಕೈಯಿಂದ ಗಂಟು ಹಾಕಿದ್ದರೆ ಚಿತ್ತಾರ ಹಿಂಬದಿಯಲ್ಲೂ ಸ್ಪಷ್ಟವಾಗಿರುತ್ತದೆ. ಗಂಟುಗಳು ಅಲ್ಪಸ್ವಲ್ಪ ಹೆಚ್ಚುಕಡಿಮೆ ಇರುತ್ತವೆ. ಅಂಚಿನ ಕುಚ್ಚು ಹಾಸುನೂಲಿನ ತುದಿಯೇ ಆಗಿರುತ್ತದೆ. ಯಂತ್ರದ ಕಂಬಳಿಗೆ ಅದನ್ನು ಸಾಮಾನ್ಯವಾಗಿ ಆಮೇಲೆ ಹೊಲಿದಿರುತ್ತಾರೆ. ಒಂದು ಅಂಗುಲದಲ್ಲಿ ಅಡ್ಡಕ್ಕೆ 10, ಉದ್ದಕ್ಕೆ 12 ಗಂಟುಗಳಿದ್ದರೆ ಚದರ ಅಂಗುಲಕ್ಕೆ 120. ಆದರೆ ಗಂಟಿನ ಲೆಕ್ಕವೊಂದೇ ಬೆಲೆಯಲ್ಲ. ಉಣ್ಣೆಯ ಗುಣ, ಬಣ್ಣ, ವಯಸ್ಸು, ನುಸಿ ತಿಂದ ಜಾಗ, ತೇಪೆ ಎಲ್ಲವೂ ಸೇರುತ್ತವೆ. ಒದ್ದೆಯಾದ ಬಿಳಿ ಬಟ್ಟೆಯಿಂದ ಒಂದು ಮೂಲೆಯನ್ನು ಒತ್ತಿದರೆ ಬಣ್ಣ ಬಿಡುತ್ತದೆಯೇ ಎಂಬುದೂ ತಿಳಿಯುತ್ತದೆ.

ಗಂಟಿಲ್ಲದ್ದೆಲ್ಲ ಕೀಳು ಎಂದೂ ತಿಳಿಯಬಾರದು. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ನಮ್ಮ ಸಹೋದರಿಯರು ನೇಯುವ ಜಮಖಾನೆಯಲ್ಲಿ ಗಂಟುಗಳಿಲ್ಲ. ಆದರೂ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

ಈ ತಿಳುವಳಿಕೆ ಬೇಕಾಗುವುದು ಮುಖ್ಯವಾಗಿ ಮೀರಾಸು ಹಂಚುವಾಗ. ಮನೆ, ಸೈಟು, ಒಡವೆ ಲೆಕ್ಕಕ್ಕೆ ಬರುತ್ತವೆ. ಕಂಬಳಿ ಮಾತ್ರ ‘ಹಳೇ ಸಾಮಾನು’ ಎಂದು ಯಾರದೋ ಪಾಲಾಗುತ್ತದೆ ಅಥವಾ ಗುಜರಿಗೆ ಹೋಗುತ್ತದೆ. ಬಿಟ್ಟುಹೋದದ್ದು ಕಡಿಮೆಯಿರಲಿ, ಹೆಚ್ಚಿರಲಿ, ಗಂಡಸರಿಗೂ ಹೆಂಗಸರಿಗೂ ಅದರಲ್ಲಿ ಪಾಲಿದೆ ಎಂದು ಸೂರಃ ಅನ್ನಿಸಾದ 7ನೇ ಸೂಕ್ತ ತಿಳಿಸುತ್ತದೆ. ಆದ್ದರಿಂದ ಬಲ್ಲವರೊಬ್ಬರಿಗೆ ತೋರಿಸಿ, ಬೆಲೆ ಬರೆಸಿ, ಆಮೇಲೆ ಹಂಚಿರಿ. ಮಾರುವುದಾದರೆ ತೇಪೆಯನ್ನು ಮುಚ್ಚಿಡಬೇಡಿ. ಬೆಂಗಳೂರಿನದನ್ನು ಇರಾನಿನದು ಎನ್ನಬೇಡಿ. ಬೆಂಗಳೂರಿನದು ಎನ್ನಲು ನಾಚಿಕೆಪಡಬೇಕಾದ್ದೂ ಇಲ್ಲ.