ಮೇಸ್ತ್ರಿಯ ನೋಟುಪುಸ್ತಕ

ಕಳೆದ ದೀಪಾವಳಿಯ ರಜೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಕಟ್ಟಡಗಳ ವೈರಿಂಗ್ ಕೆಲಸವನ್ನು ಗುತ್ತಿಗೆ ಹಿಡಿದು ಮಾಡಿಸುತ್ತಾನೆ. ಹೊರಡುವ ಮೊದಲು ಚೀಲದಿಂದ ನೂರು ಪುಟದ ಒಂದು ನೋಟುಪುಸ್ತಕವನ್ನು ತೆಗೆದು ನನ್ನ ಕೈಗಿತ್ತ. ಹಿಂಬದಿಯ ರಟ್ಟಿನಲ್ಲಿ ಮಗ್ಗಿ ಅಚ್ಚಾಗಿರುವ, ಮಕ್ಕಳು ಶಾಲೆಗೆ ತರುವಂಥ ಪುಸ್ತಕ. "ಅಪ್ಪನ ಪೆಟ್ಟಿಗೆಯಲ್ಲಿತ್ತು ಸಾರ್. ಒಳಗೆ ನಿಮ್ಮ ಅಕ್ಷರವೂ ಇದೆ" ಎಂದ.

ಅವನ ತಂದೆ ಮೇಸ್ತ್ರಿಯಾಗಿದ್ದರು. ನನ್ನ ಮೊಮ್ಮಕ್ಕಳ ತಲೆಮಾರಿನವರಿಗೆ ಮೇಸ್ತ್ರಿ ಎಂದರೆ ಗಾರೆ ಕೆಲಸದವರು. ನಮ್ಮ ಕಾಫಿ ಸೀಮೆಯಲ್ಲಿ ಆ ಮಾತಿಗೆ ಬೇರೆ ಅರ್ಥವಿತ್ತು. ಘಟ್ಟದ ಕೆಳಗಿನ ಬೆಳ್ತಂಗಡಿ, ಕಾರ್ಕಳದ ಕಡೆಯಿಂದ ಆಳುಗಳನ್ನು ಕೂಡಿಸಿ, ಚಾರ್ಮಾಡಿ ಹತ್ತಿಸಿ ಕೊಟ್ಟಿಗೆಹಾರಕ್ಕೋ, ಇತ್ತ ಸಂಸೆಯ ಮಾರ್ಗವಾಗಿ ಕಳಸಕ್ಕೋ ಕರೆತಂದು, ತೋಟದಲ್ಲಿ ಕೆಲಸ ಮಾಡಿಸಿ, ಬಟವಾಡೆ ಹಂಚಿ, ಮಳೆಗಾಲಕ್ಕೆ ಮುನ್ನ ಊರಿಗೆ ಮುಟ್ಟಿಸುವವನೇ ಮೇಸ್ತ್ರಿ. ಅವನು ತೋಟದ ನೌಕರನಲ್ಲ. ಒಂದು ವರ್ಷ ಬಾಳೆಹೊಳೆಯ ಕಡೆ ಹಣ್ಣು ಕುಯ್ಯಿಸಿದರೆ ಮರುವರ್ಷ ಬಣಕಲ್ಲಿನ ಕಡೆ ಮರಗಸಿ ಹಿಡಿಯುತ್ತಿದ್ದ. ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಎಂಬ ತೀರ್ಮಾನ ಅವನದೇ. ಆ ತೀರ್ಮಾನ ತಪ್ಪಿದರೆ ನಷ್ಟವೂ ಅವನದೇ.

ಕಾಫಿಯ ಚರಿತ್ರೆಯನ್ನು ತೋಟದವರ ಕಡೆಯಿಂದ ಬರೆದದ್ದು ಸಾಕಷ್ಟಿದೆ. ರಾಬರ್ಟ್ ಎಲಿಯಟ್ ಎಂಬ ಬ್ರಿಟಿಷ್ ತೋಟಗಾರರು ಮೈಸೂರಿನ ಕಾಫಿ ಬೇಸಾಯವನ್ನು ಕುರಿತ ತಮ್ಮ ಪುಸ್ತಕವನ್ನು 1894ರಲ್ಲಿಯೇ ಪ್ರಕಟಿಸಿದ್ದರು. ಕಾನೂನು ಕೂಡ ತೋಟದ ಕಡೆಯಿಂದಲೇ ನೋಡುತ್ತಿತ್ತು. 1859ರ ಹದಿಮೂರನೆಯ ಕಾಯಿದೆಯ ಪ್ರಕಾರ, ಮುಂಗಡ ಪಡೆದ ಕೆಲಸಗಾರ ಕೆಲಸಕ್ಕೆ ಬಾರದಿದ್ದರೆ ಧಣಿಯು ಮ್ಯಾಜಿಸ್ಟ್ರೇಟರಲ್ಲಿ ದೂರು ಕೊಡಬಹುದಿತ್ತು. ಹಣ ಮರಳಿಸಬೇಕು, ಇಲ್ಲವೇ ಕೆಲಸ ಮುಗಿಸಬೇಕು. ಆದೇಶ ಮೀರಿದರೆ ಮೂರು ತಿಂಗಳವರೆಗೆ ಸೆರೆಮನೆ. ದಕ್ಷಿಣ ಭಾರತದ ತೋಟಗಾರರಿಗೆ ಈ ಕಾಯಿದೆ ದೊಡ್ಡ ಆಸರೆಯಾಗಿತ್ತು. ಬ್ರಿಟಿಷ್ ಭಾರತದಲ್ಲಿ ಅದು ರದ್ದಾದದ್ದು 1926ರಲ್ಲಿ. ಕೆಲಸ ಮಾಡಿಸಿಕೊಂಡು ಕೂಲಿ ಕೊಡದ ಧಣಿಯನ್ನು ಸೆರೆಮನೆಗೆ ಕಳಿಸುವ ಮಾತು ಆ ಕಾಯಿದೆಯಲ್ಲಿ ಇರಲಿಲ್ಲ.

ತೋಟಗಳು ಮುಳುಗುತ್ತಿದ್ದದ್ದೂ ನಿಜವೇ. 1860ರ ದಶಕದಲ್ಲಿ ಕಾಂಡಕೊರಕ, 1870ರ ದಶಕದಲ್ಲಿ ಎಲೆ ತುಕ್ಕು, 1930ರ ದಶಕದಲ್ಲಿ ಜಗತ್ತಿನ ಆರ್ಥಿಕ ಮುಗ್ಗಟ್ಟು, 1940ರ ಹೊತ್ತಿಗೆ ಯುದ್ಧದಿಂದಾಗಿ ಯುರೋಪಿನ ಮಾರುಕಟ್ಟೆಯೇ ಮುಚ್ಚಿಹೋದದ್ದು: ಒಂದಾದ ಮೇಲೊಂದು ಹೊಡೆತ. ಈ ಕೊನೆಯ ಹೊಡೆತಕ್ಕೆ ಪರಿಹಾರವಾಗಿಯೇ 1940ರ ಸುಗ್ರೀವಾಜ್ಞೆಯೂ 1942ರ ಕಾಫಿ ಕಾಯಿದೆಯೂ ಬಂದು ಕಾಫಿ ಮಂಡಳಿಯ 'ಪೂಲು' ಪದ್ಧತಿ ನೆಲೆಗೊಂಡಿತು. ಬೆಳೆಗಾರರು ಕಾಫಿಯನ್ನು ಪೂಲಿಗೆ ಒಪ್ಪಿಸಬೇಕು. ಮಂಡಳಿ ಮಾರಿ, ಅಂಕಗಳ ಲೆಕ್ಕದಲ್ಲಿ ಕಂತುಕಂತಾಗಿ ಹಣ ಕೊಡಬೇಕು. ಹಣ ತಡವಾಗುತ್ತದೆಂದು ಬೆಳೆಗಾರರು ಗೊಣಗುತ್ತಿದ್ದರು. ಆದರೆ ತಡವಾದರೂ ಬರುತ್ತಿತ್ತು. ನಾನು ಮೂಡಿಗೆರೆ ತಾಲ್ಲೂಕಿಗೆ ಮಾಸ್ತರಿಕೆಗೆ ಬಂದ ಕಾಲದಲ್ಲಿ ಮೇಸ್ತ್ರಿಗಳು ತೋಟದ ರೈಟರನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಬೋರ್ಡಿನ ಕಂತು ಯಾವಾಗ?" ಉತ್ತರ ಸಿಕ್ಕರೆ ಧೈರ್ಯವಾಗಿ ಆಳು ತರುತ್ತಿದ್ದರು.

1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. 1991ರಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟ ಒಡೆಯಿತು. ಇಲ್ಲಿ ಪೂಲು ಪದ್ಧತಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ತಿ ನಿಂತಿತು. 1994ರಲ್ಲಿ ಬ್ರೆಜಿಲಿನ ಮಂಜಿನಿಂದ ಬೆಲೆ ಗಗನಕ್ಕೇರಿತ್ತಾದ್ದರಿಂದ ಈ ಬದಲಾವಣೆಯ ಅಪಾಯ ಯಾರ ಕಣ್ಣಿಗೂ ಬೀಳಲಿಲ್ಲ. ಆ ವರ್ಷಗಳಲ್ಲಿ ನಮ್ಮ ಕಡೆ ಹೊಸ ಕಾರುಗಳೂ ಹೊಸ ಮನೆಗಳೂ ಎದ್ದವು. ಬಳಿಕ ವಿಯೆಟ್ನಾಮಿನ ರೋಬಸ್ಟಾ ಹೊಳೆಯಾಗಿ ಹರಿಯಿತು. 1997ರಲ್ಲಿ ಪೌಂಡಿಗೆ ಸರಾಸರಿ 130 ಸೆಂಟಿನ ಮೇಲಿದ್ದ ಜಾಗತಿಕ ಸೂಚಕ ಬೆಲೆ 2001ರಲ್ಲಿ ಸುಮಾರು 45 ಸೆಂಟಿಗೆ ಇಳಿಯಿತು. ಈಗ ಬೋರ್ಡಿನ ಕಂತೂ ಇರಲಿಲ್ಲ. ಪ್ರತಿಯೊಂದು ತೋಟವೂ ತನ್ನ ಸಾಲ, ತನ್ನ ವ್ಯಾಪಾರಿ, ತನ್ನ ಅದೃಷ್ಟದೊಂದಿಗೆ ಒಂಟಿಯಾಗಿತ್ತು. ಮೇಸ್ತ್ರಿಯು ಒಂದೊಂದು ತೋಟವನ್ನೂ ಬೇರೆಬೇರೆಯಾಗಿ ತೂಗಿ ನೋಡಬೇಕಾಯಿತು.

ಈ ನೋಟುಪುಸ್ತಕ ಆ ತೂಕದ ಲೆಕ್ಕ. ಮೇಸ್ತ್ರಿಗಳು ಅಂಕಿಗಳನ್ನು ಬಲ್ಲವರು, ಅಕ್ಷರ ನಿಧಾನ. ಆದುದರಿಂದ ಸಂತೆಯ ದಿನ ನಮ್ಮ ಮನೆಯ ಜಗುಲಿಯ ಮೇಲೆ ಕುಳಿತು ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಒಂದು ತೋಟಕ್ಕೆ ಒಂದು ಪುಟ. ಮೇಲ್ಗಡೆ ಅವರೇ ಹಾಕಿದ ಗುರುತು: ಸೊನ್ನೆಯಾದರೆ ಹೋಗಬಹುದು, ಅಡ್ಡಗೀಟಾದರೆ ಬೇಡ, ಚುಕ್ಕಿಯಾದರೆ ಇನ್ನೂ ವಿಚಾರಿಸಬೇಕು.

ಅವರು ವಿಚಾರಿಸುತ್ತಿದ್ದ ರೀತಿ ಸ್ವಾರಸ್ಯವಾದುದು. ಯಜಮಾನರನ್ನು ನೇರವಾಗಿ ಕೇಳುತ್ತಿರಲಿಲ್ಲ. ಕೇಳಿದರೆ ಸತ್ಯ ಹೊರಡದೆಂದು ಅವರಿಗೆ ಗೊತ್ತಿತ್ತು. ಮೊದಲು ಸಂತೆಗೆ ಹೋಗಿ, ಆ ತೋಟದ ಆಳುಗಳು ಬಂದಿದ್ದಾರೆಯೇ, ಏನು ಕೊಳ್ಳುತ್ತಿದ್ದಾರೆ ಎಂದು ನೋಡುವುದು. ಬಟವಾಡೆ ಆಗದ ತೋಟದವರು ಸಂತೆಗೆ ಬರುವುದಿಲ್ಲ. ಬಂದರೂ ಒಣಮೀನಿನ ಅಂಗಡಿಯ ಮುಂದೆ ಸುಮ್ಮನೆ ನಿಂತು ಹೋಗುತ್ತಾರೆ. ಆಮೇಲೆ ದಿನಸಿ ಅಂಗಡಿಗೆ ಹೋಗಿ, ಆ ತೋಟದ ಹೆಸರಿಗೆ ಈಗಲೂ ಉದ್ರಿ ಕೊಡುತ್ತಾರೆಯೇ ಎಂದು ತಿಳಿಯುವುದು. ಹೂಮಳೆಯ ನಂತರ ತೋಟಕ್ಕೆ ಗೊಬ್ಬರದ ಚೀಲ ಇಳಿಯಿತೇ ಎಂಬುದು ಇನ್ನೊಂದು ವಿಚಾರಣೆ. ಎರಡು ವರ್ಷ ಗೊಬ್ಬರ ಕಾಣದ ಗಿಡದಲ್ಲಿ ಹಣ್ಣಿರುವುದಿಲ್ಲ. ಕಿಲೋ ಲೆಕ್ಕದಲ್ಲಿ ಕುಯ್ಯುವ ಆಳಿಗೆ ಅಲ್ಲಿ ಕೂಲಿಯೂ ಹುಟ್ಟುವುದಿಲ್ಲ.

ಸಿಲ್ವರ್ ಮರಗಳನ್ನೂ ಅವರು ಎಣಿಸುತ್ತಿದ್ದರು. ನೆರಳಿನ ಲೆಕ್ಕಕ್ಕೆ ಅಲ್ಲೊಂದು ಇಲ್ಲೊಂದು ಮರ ಕಡಿಯುವುದು ವಾಡಿಕೆ. ಸಾಲುಸಾಲಾಗಿ ದೊಡ್ಡ ಮರಗಳೇ ಉರುಳಿದರೆ ಅದು ಸಾಲದ ಲೆಕ್ಕ. ಹಾಗೆಯೇ ಕಣದಲ್ಲಿ ಕಾಫಿ ಒಣಗಿ ಗೋದಾಮಿಗೆ ಹೋಗುತ್ತಿದೆಯೋ, ಕಣದಿಂದಲೇ ಸಾಲ ಕೊಟ್ಟವರ ಲಾರಿಗೆ ಏರುತ್ತಿದೆಯೋ ಎಂದು ಗಮನಿಸುತ್ತಿದ್ದರು. ಹಾಗೆ ಹೋದ ಕಾಫಿಯ ಹಣ ತೋಟಕ್ಕೆ ತಿರುಗಿ ಬರುವುದಿಲ್ಲ. ಕೊನೆಯದಾಗಿ ಲೈನುಮನೆಗಳ ಮಾಡು, ಮತ್ತು ರೈಟರ ಮುಖ. ರೈಟರಿಗೇ ಸಂಬಳ ಬಾಕಿಯಿದ್ದರೆ ಅವರು ಚಹಾ ಕುಡಿಯಲು ಕರೆಯುವುದಿಲ್ಲ ಎಂದು ಮೇಸ್ತ್ರಿಗಳು ನಗುತ್ತಿದ್ದರು.

ಇದೆಲ್ಲ ಸಂಶಯದ ಸ್ವಭಾವವೆಂದು ಆಗ ನನಗೆ ಅನ್ನಿಸುತ್ತಿತ್ತು. ಅವರ ಇಕ್ಕಟ್ಟು ಏನೆಂದು ನಾನು ಅರಿತದ್ದು ತಡವಾಗಿ. ಹಿಂದೆ ಮುಂಗಡ ತೋಟದಿಂದ ಮೇಸ್ತ್ರಿಗೆ, ಮೇಸ್ತ್ರಿಯಿಂದ ಆಳಿಗೆ ಇಳಿದು ಬರುತ್ತಿತ್ತು. ಬೆಲೆ ಬಿದ್ದ ಮೇಲೆ ತೋಟಗಳು ಮುಂಗಡ ನಿಲ್ಲಿಸಿದವು; ಕಾಫಿ ಮಾರಿದ ಮೇಲೆ ಒಟ್ಟಿಗೆ ಕೊಡುತ್ತೇವೆ ಎಂದವು. ಆಳುಗಳಾದರೋ ಮನೆಗೆ ಅಕ್ಕಿ ಹಾಕದೆ ಘಟ್ಟ ಹತ್ತುವಂತಿರಲಿಲ್ಲ. ಆ ಹಣವನ್ನು ಮೇಸ್ತ್ರಿಯೇ ಬಡ್ಡಿಗೆ ತಂದು ಕೊಡುತ್ತಿದ್ದ. ತನಗೆ ಅರಿವಿಲ್ಲದೆಯೇ ಅವನು ತೋಟದ ಸಾಲಗಾರರ ಸಾಲಿನಲ್ಲಿ ಕೊನೆಯವನಾಗಿ ನಿಂತಿದ್ದ. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯ ಪ್ರಕಾರವೂ ಕೂಲಿ ಕೊಡುವ ಮೊದಲ ಹೊಣೆ ಗುತ್ತಿಗೆದಾರನದಾಗಿತ್ತು. ಅವನು ಕೊಡದಿದ್ದರೆ ಮೂಲ ಮಾಲೀಕರು ಕೊಟ್ಟು ಅವನಿಂದ ವಸೂಲು ಮಾಡಬೇಕಿತ್ತು. ಮಾಲೀಕರೇ ಗುತ್ತಿಗೆದಾರನಿಗೆ ಕೊಡದಿದ್ದರೆ ಅವನು ವಕೀಲರನ್ನು ಹಿಡಿದು ನ್ಯಾಯಾಲಯಕ್ಕೆ ಅಲೆಯಬೇಕಿತ್ತು.

ಪುಸ್ತಕದ ನಡುವೆ ಒಂದು ಪುಟವಿದೆ. ಗುರುತಿನ ಜಾಗದಲ್ಲಿ ಮೊದಲು ಚುಕ್ಕಿ ಹಾಕಿ, ಅದರ ಸುತ್ತ ಸೊನ್ನೆ ಎಳೆಯಲಾಗಿದೆ. ಕೆಳಗೆ ನನ್ನ ಅಕ್ಷರದಲ್ಲಿ "ಯಜಮಾನರು ಸಜ್ಜನರು" ಎಂದಿದೆ. 2001ರ ಕೊಯ್ಲಿಗೆ ಮುಂಚಿನ ಮಾತು ಅದು. ತೋಟದ ಹೆಸರು ಇಲ್ಲಿ ಬೇಡ. ಆ ಯಜಮಾನರು ನಮ್ಮ ಶಾಲೆಗೆ ಹೆಂಚು ಹೊದಿಸಿಕೊಟ್ಟವರು, ಬಡ ಮಕ್ಕಳಿಗೆ ಸಮವಸ್ತ್ರ ಕೊಟ್ಟವರು. ಮೇಸ್ತ್ರಿಗಳು ಕೇಳಿದಾಗ ನಾನು ಹಿಂದುಮುಂದು ನೋಡದೆ ಹೇಳಿಬಿಟ್ಟೆ. ನನ್ನ ಮಾತಿನ ಮೇಲೆ ಅವರು 22 ಆಳುಗಳನ್ನು ಕರೆತಂದರು.

ಸಂಕ್ರಾಂತಿಯ ಹೊತ್ತಿಗೆ ಬಟವಾಡೆ ನಿಂತಿತು. ಕುಯ್ದ ಕಾಫಿ ಸಾಲಕ್ಕೆ ಹೋಯಿತು. ಯಜಮಾನರು ಮೋಸಗಾರರಲ್ಲ; ಅವರ ಬಳಿ ಇರಲಿಲ್ಲ, ಅಷ್ಟೆ. ಬಾಕಿ 41 ಸಾವಿರ ರೂಪಾಯಿ. ಮೇಸ್ತ್ರಿಗಳು ಎರಡು ಹಸುಗಳನ್ನೂ ಹೆಂಡತಿಯ ಬಳೆಗಳನ್ನೂ ಮಾರಿ, 22 ಜನಕ್ಕೂ ಲೆಕ್ಕ ಚುಕ್ತಾ ಮಾಡಿ ಬಸ್ಸು ಹತ್ತಿಸಿದರು. ನಾನು ಕ್ಷಮೆ ಕೇಳಲು ಹೋದಾಗ ಅವರು ಕೋಪಿಸಿಕೊಳ್ಳಲಿಲ್ಲ. "ಅವರು ಒಳ್ಳೆಯವರಾ ಅಂತ ನಾನು ಕೇಳಿದ್ದಲ್ಲ ಮಾಷ್ಟ್ರೇ, ಕೊಡ್ಲಿಕ್ಕೆ ಉಂಟಾ ಅಂತ ಕೇಳಿದ್ದು" ಎಂದರು. ನಾನು ಆ ಎರಡನ್ನೂ ಒಂದೇ ಎಂದು ತಿಳಿದಿದ್ದೆ. ತಿಂಗಳ ಕೊನೆಗೆ ತಪ್ಪದೆ ಸರ್ಕಾರದ ಸಂಬಳ ಬರುವವನಿಗೆ ಹಾಗೆ ತೋರುವುದು ಸಹಜ.

ಮುಂದೆ ಬೆಲೆ ಚೇತರಿಸಿಕೊಂಡಾಗ ಯಜಮಾನರು ಸ್ವಲ್ಪಸ್ವಲ್ಪವಾಗಿ ಕೊಟ್ಟರು. ಕೊನೆಯ 9 ಸಾವಿರ ಬರಲೇ ಇಲ್ಲ. ಬೆಳೆಗಾರರ ಸಾಲಕ್ಕೆ ವಿಶೇಷ ಕಾಫಿ ಅವಧಿ ಸಾಲವೆಂಬ ಏರ್ಪಾಡಾಯಿತು, 2010ರಲ್ಲಿ ಸಾಲ ಪರಿಹಾರದ ಪ್ಯಾಕೇಜೂ ಬಂತು. ಅವು ಬೇಕಾಗಿದ್ದವು, ಬೆಳೆಗಾರರ ಕಷ್ಟವೂ ಸುಳ್ಳಲ್ಲ. ಆದರೆ ಮೇಸ್ತ್ರಿಯ ಬಡ್ಡಿ ಸಾಲ ಯಾವ ಬ್ಯಾಂಕಿನ ಪುಸ್ತಕದಲ್ಲಿಯೂ ಇರಲಿಲ್ಲವಾದ್ದರಿಂದ ಯಾವ ಪ್ಯಾಕೇಜಿಗೂ ಅದು ಸೇರಲಿಲ್ಲ. ಅದು ಇದ್ದದ್ದು ಈ ನೂರು ಪುಟದ ನೋಟುಪುಸ್ತಕದಲ್ಲಿ ಮಾತ್ರ.

ಅವರ ಮಗ ಈಗ ಬೆಂಗಳೂರಿನಲ್ಲಿ ಹೊಸ ಕಟ್ಟಡದ ಕೆಲಸ ಒಪ್ಪುವ ಮೊದಲು ಆ ಬಿಲ್ಡರಿನ ಹಳೆಯ ಕೆಲಸದ ಜಾಗಕ್ಕೆ ಹೋಗಿ, ಅಲ್ಲಿಯ ಕಾವಲುಗಾರನಿಗೆ ಸಂಬಳ ಸರಿಯಾಗಿ ಬರುತ್ತಿದೆಯೇ ಎಂದು ವಿಚಾರಿಸುತ್ತಾನಂತೆ. ಯಾರು ಕಲಿಸಿದರು ಎಂದು ನಾನು ಕೇಳಲಿಲ್ಲ. ಶಾಲೆಯಲ್ಲಿ ನಾನಂತೂ ಕಲಿಸಿರಲಿಲ್ಲ.

2024-25ರಲ್ಲಿ ಕಾಫಿಯ ಬೆಲೆ ದಾಖಲೆಯ ಎತ್ತರಕ್ಕೆ ಏರಿದ್ದನ್ನು ನೀವೆಲ್ಲ ಬಲ್ಲಿರಿ. ಅಂಥ ಕಾಲದಲ್ಲಿ ಇಂಥ ಪುಸ್ತಕಗಳನ್ನು ಯಾರೂ ತೆರೆಯುವುದಿಲ್ಲ, 1994ರಲ್ಲಿಯೂ ತೆರೆಯಲಿಲ್ಲ. ಇದನ್ನು ಓದುತ್ತಿರುವ ನನ್ನ ವಿದ್ಯಾರ್ಥಿಗಳಲ್ಲಿ ಲೈನುಮನೆಯಲ್ಲಿ ಬೆಳೆದವರೂ ಇದ್ದೀರಿ, ಬಂಗಲೆಯಲ್ಲಿ ಬೆಳೆದವರೂ ಇದ್ದೀರಿ. ನಿಮ್ಮ ಹಿರಿಯರ ಪೆಟ್ಟಿಗೆಗಳಲ್ಲಿ ಹಾಜರಿ ಪುಸ್ತಕ, ಬಟವಾಡೆ ಚೀಟಿ, ಉದ್ರಿಯ ಲೆಕ್ಕ ಏನಿದ್ದರೂ ರದ್ದಿಗೆ ಹಾಕಬೇಡಿ. ನಮ್ಮ ಸೀಮೆಯ ಅರ್ಧ ಚರಿತ್ರೆ ಅಲ್ಲಿದೆ.

ನೋಟುಪುಸ್ತಕವನ್ನು ಅವನಿಗೇ ಹಿಂತಿರುಗಿಸಿದೆ. ಕೊಡುವ ಮೊದಲು ಆ ಪುಟವನ್ನು ಮತ್ತೊಮ್ಮೆ ತೆರೆದು, "ಯಜಮಾನರು ಸಜ್ಜನರು" ಎಂಬುದರ ಮುಂದೆ "ಹೀಗೆಂದವನು ನಾನು" ಎಂದು ಬರೆದು, ನನ್ನ ಸಹಿ ಹಾಕಿ ದಿನಾಂಕ ನಮೂದಿಸಿದೆ.