ಒಂದೇ ಡಿಸ್ಕಿನಲ್ಲಿ ಎರಡು ಸಂಸಾರ

ಅಣ್ಣತಮ್ಮಂದಿರು ಪಾಲಾದಾಗ ಮನೆಯ ನಡುವೆ ಗೋಡೆ ಏಳುತ್ತದೆ. ಆದರೆ ಬೀದಿ ಬಾಗಿಲು ಒಂದೇ ಉಳಿಯುವುದುಂಟು. ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಪಾರ್ಟಿಷನ್ ಎಂದರೆ ಇಂಥದೇ ಏರ್ಪಾಡು.

ಐಬಿಎಂ ಕಂಪೆನಿ 1983ರಲ್ಲಿ 10 ಮೆಗಾಬೈಟ್ ಹಾರ್ಡ್ ಡಿಸ್ಕಿನ ಪಿ.ಸಿ. ಎಕ್ಸ್‌ಟಿ ಯಂತ್ರವನ್ನು ತಂದಿತು. ಅದರ ಜೊತೆ ಬಂದ ಡಾಸ್ 2.0 ಡಿಸ್ಕನ್ನು ನಾಲ್ಕು ಪಾಲುಗಳವರೆಗೆ ವಿಂಗಡಿಸುತ್ತಿತ್ತು. ಪಾಲುಪಟ್ಟಿಯ ಜಾಗ ಡಿಸ್ಕಿನ ಮೊದಲ 512 ಬೈಟುಗಳೊಳಗೆ.

ಕನ್ನಡಿಗರಿಗೆ ಇದರ ಬೆಲೆ ತಿಳಿದದ್ದು 2001ರ ನಂತರ. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಿತ್ತಾದರೂ ವಿಂಡೋಸ್ 98ಕ್ಕೆ ಅದು ತಿಳಿದಿರಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ, ತುಂಗಾ ಅಕ್ಷರಗಳೊಡನೆ ಕನ್ನಡವನ್ನು ಬಲ್ಲುದಾಗಿತ್ತು. ಆದರೆ ಹಳೆಯ ಕಡತಗಳ ಗತಿಯೇನು? ಕನ್ನಡ ಗಣಕ ಪರಿಷತ್ತಿನ 'ನುಡಿ'ಯಂಥ ತಂತ್ರಾಂಶಗಳಲ್ಲಿ ಕನ್ನಡದ ಅಕ್ಷರಭಾಗಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿದ್ದವು. ಫಾಂಟ್ ತಪ್ಪಿದರೆ ಲಗ್ನಪತ್ರಿಕೆಯೂ ಅರ್ಥವಿಲ್ಲದ ಇಂಗ್ಲಿಷ್ ಸಾಲಾಗುತ್ತಿತ್ತು.

ಟಿ. ದಾಸರಹಳ್ಳಿ, ಪೀಣ್ಯದಂಥ ಕಡೆಯ ಡಿ.ಟಿ.ಪಿ. ಅಂಗಡಿಗೋ ಸಣ್ಣ ಕಾರ್ಖಾನೆಯ ಕಚೇರಿಗೋ ಇದು ಹೊಟ್ಟೆಪಾಡಿನ ಪ್ರಶ್ನೆ. ಹಳೆಯದನ್ನು ಅಳಿಸಿದರೆ ಗಿರಾಕಿಯ ಕೆಲಸ ನಿಲ್ಲುವ ಭಯ. ಹೊಸದನ್ನು ಬಿಟ್ಟರೆ ಹಿಂದೆ ಬೀಳುವ ಭಯ. ಎರಡಕ್ಕೂ ಪರಿಹಾರ ಒಂದೇ: ಹಳೆಯದು 'ಸಿ' ಪಾಲಿನಲ್ಲಿ, ಹೊಸದು 'ಡಿ' ಪಾಲಿನಲ್ಲಿ.

ಇಲ್ಲಿ ಕೆಲವು ಕಟ್ಟುಪಾಡುಗಳಿದ್ದವು. ಹಳೆಯದನ್ನು ಮೊದಲು, ಹೊಸದನ್ನು ಆಮೇಲೆ ಹಾಕಬೇಕು. ತಿರುವುಮುರುವಾದರೆ ಹಳೆಯದು ಬಂದು ಬೀದಿ ಬಾಗಿಲಿಗೆ ತನ್ನದೇ ಬೀಗ ಜಡಿಯುತ್ತಿತ್ತು. ಎಕ್ಸ್‌ಪಿಯ ಪಾಲು ಎನ್‌ಟಿಎಫ್‌ಎಸ್ ಮಾದರಿಯದಾದರೆ 98ಕ್ಕೆ ಅದು ಓದಲು ಬಾರದು. ಇಬ್ಬರಿಗೂ ಬೇಕಾದ ಕಡತಗಳು ಫ್ಯಾಟ್32 ಪಾಲಿನಲ್ಲೇ ಇರಬೇಕು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದಂಥದು. ಎಕ್ಸ್‌ಪಿ 'ಡಿ'ಯಲ್ಲಿದ್ದರೂ ಯಂತ್ರವನ್ನು ಎಬ್ಬಿಸುವ ಅದರ ಪುಟ್ಟ ಕಡತಗಳು 'ಸಿ'ಯಲ್ಲೇ ಕೂಡುತ್ತಿದ್ದವು. 'ಯಾವ ವ್ಯವಸ್ಥೆ ಬೇಕು?' ಎಂದು ಪರದೆಯ ಮೇಲೆ ಕೇಳುವ ಪಟ್ಟಿಯೂ ಅಲ್ಲಿಯದೇ. 98 ಇನ್ನು ಬೇಡವೆಂದು 'ಸಿ'ಯನ್ನು ಫಾರ್ಮ್ಯಾಟ್ ಮಾಡಿದರೆ ಹೊಸ ಸಂಸಾರಕ್ಕೂ ಬಾಗಿಲು ಮುಚ್ಚಿದಂತೆ.

ಗೋಡೆ ಎಷ್ಟೇ ಗಟ್ಟಿಯಿರಲಿ, ಡಿಸ್ಕ್ ಒಂದೇ. ಅದು ಕೆಟ್ಟರೆ ಎರಡು ಸಂಸಾರವೂ ಬೀದಿಗೆ. ಆದ್ದರಿಂದ ಪಾಲು ಮಾಡುವ ಮೊದಲು ಕಡತಗಳ ಪ್ರತಿಯನ್ನು ಬೇರೆಡೆ ಇಡುವುದು ಅಂದಿನ ಮೊದಲ ಪಾಠ.

98ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2006ರಲ್ಲಿ ನಿಂತಿತು, ಎಕ್ಸ್‌ಪಿಗೆ 2014ರಲ್ಲಿ. ಪಾಠ ಮಾತ್ರ ಹಳತಾಗಿಲ್ಲ.